ಅಕ್ಕೋರು ಬರೆದ ತೊಟ್ಟಿಲು

ಅಕ್ಕೋರ ಪಾದಗಳು ಗಂಡಸರ ಪಾದಗಳಷ್ಟು ದೊಡ್ಡವು. ಹೆಂಗಸರ ಚಪ್ಪಲಿ ಯಾವುದೂ ಅವರ ಕಾಲಿಗೆ ಆಗುತ್ತಿರಲಿಲ್ಲ. ಪಣಜಿಯಲ್ಲಿ ಗಂಡಸರ ಕರಿ ಚರ್ಮದ ಚಪ್ಪಲಿ ಕೊಂಡು, ಇಳಕಲ್ ಸೀರೆಯ ಕೆಳಗೆ ಅದನ್ನೇ ಮೆಟ್ಟಿಕೊಂಡು, ಗೋವಾದ ಕೊರ್ಲಿಮ್‌ನ ರಸ್ತೆಯಲ್ಲಿ ಚಟಚಟ ಸದ್ದು ಮಾಡುತ್ತ ಬರುತ್ತಿದ್ದರು. ಯಾರಾದರೂ ನೋಡಿ ನಕ್ಕರೆ ತಾವೂ ನಿಂತು ಕೆಳಗೆ ನೋಡಿಕೊಂಡು, "ನಡಿಯಾಕ ದೇವರು ಚಲೋ ಸಾಮಾನು ಕೊಟ್ಟಾನ" ಎನ್ನುತ್ತಿದ್ದರು.

ನಮ್ಮ ವಿಜಯಪುರದ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಇವರು ಧಾರವಾಡದ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮೇಲೆ, ಪಣಜಿಯಲ್ಲಿ ನೌಕರಿಯಲ್ಲಿದ್ದ ತಮ್ಮನ ಜೊತೆ ಕೊರ್ಲಿಮ್‌ನಲ್ಲಿ ಇರಲು ಬಂದವರು. ನಾನು ಕೊರ್ಲಿಮ್‌ನ ಔಷಧಿ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದೆ, ಗಂಡ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು. ಮದುವೆಗೆ ಮೊದಲು ಪಿಯುಸಿ ಮುಗಿಸಿದ್ದರಿಂದ ಅಂಚೆ ಮೂಲಕ ಬಿ.ಎ. ಕಟ್ಟಿದ್ದೆ. ಒಂದು ದಿನ ಝೆರಾಕ್ಸ್ ಅಂಗಡಿಯಲ್ಲಿ ಪಾಠದ ಹಾಳೆ ತೆಗೆಸುತ್ತಿದ್ದಾಗ ಪಕ್ಕದಲ್ಲಿದ್ದ ಅಕ್ಕೋರು ಬಗ್ಗಿ ನೋಡಿದರು.

"ಅಮೆರಿಕಾದ ಇತಿಹಾಸ ಯಾರು ಓದಾಕತ್ತಾರವ್ವಾ?"

"ನಾನರೀ. ತಲಿಗೆ ಹತ್ತವಲ್ಲದು."

"ರವಿವಾರ ಮನಿಗೆ ಬಾ. ಹತ್ತಸೋಣು."

ಹಾಗೆ ಶುರುವಾದ ಪಾಠ ಎರಡು ವರ್ಷ ನಡೆಯಿತು. ಅವರು ಪುಸ್ತಕ ತೆರೆಯುವ ಮೊದಲು ನನ್ನ ಸುದ್ದಿ ಕೇಳುತ್ತಿದ್ದರು. ಊರು ಬಿಡುವಾಗ ಗಂಟಿನಲ್ಲಿ ಏನೇನು ಕಟ್ಟಿಕೊಂಡೆ ಎಂದು ಮೊದಲ ದಿನ ಕೇಳಿದರು. ಜೋಳದ ಹಿಟ್ಟು, ಖಾರಪುಡಿ, ಅತ್ತೆ ಹೊಲಿದ ಕೌದಿ ಎಂದೆ. "ಇಟಲಿಯಿಂದ ಹಡಗ ಹತ್ತಿದ ಹೆಣಮಗಳೂ ನಿನ್ನಂಗ ಗಂಟು ಕಟ್ಟಿದಾಕಿನ. ಈಗ ಓದು, ಆಕಿ ನಿನಗ ಗುರುತು ಸಿಗತಾಳ" ಎಂದರು. ನ್ಯೂಯಾರ್ಕಿನ ಇಕ್ಕಟ್ಟು ಕೋಣೆಗಳು, ಶಿಕಾಗೋದ ಮಾಂಸದ ಕಾರ್ಖಾನೆಗಳು, ಹೊಸದಾಗಿ ಬಂದವರಿಗೆ ಕೆಲಸ ಕೊಡಿಸಿ ಅವರ ಓಟನ್ನೆಲ್ಲ ಕಿಸೆಯಲ್ಲಿಟ್ಟುಕೊಂಡ ವಾರ್ಡಿನ ಯಜಮಾನರು, ಎಲ್ಲವೂ ನನಗೆ ಕನ್ನಡದ ಕೂಲಿಯವರೇ ತುಂಬಿದ್ದ ನಮ್ಮ ಚಾಳಿನ ಸುದ್ದಿಯಂತೆಯೇ ಕೇಳತೊಡಗಿದವು.

ನಮಗೂ ಒಬ್ಬ ಯಜಮಾನರಿದ್ದರು. ಚಾಳಿನ ಗಂಡಸರಿಗೆಲ್ಲ ಕಟ್ಟಡ ಕೆಲಸ ಹಚ್ಚಿಕೊಡುತ್ತಿದ್ದ ಮುಕಾದಮರು. ಕೆಟ್ಟವರಲ್ಲ; ಜ್ವರ ಬಂದರೆ ತಮ್ಮ ಗಾಡಿಯಲ್ಲಿ ದವಾಖಾನೆಗೆ ಕರೆದೊಯ್ಯುತ್ತಿದ್ದರು. ನಮ್ಮ ಕನ್ನಡ ಸಂಘದ ಅಧ್ಯಕ್ಷರೂ ಅವರೇ. ನಾವೆಲ್ಲ ರಜೆಯ ದಿನ ಕೈಹಚ್ಚಿ ಕಟ್ಟಿದ್ದ ಸಂಘದ ಕೋಣೆಯಲ್ಲಿ ಅವರ ಸಿಮೆಂಟ್ ಚೀಲ, ಹಲಗೆ ತುಂಬಿದ್ದವು. ಅಲ್ಲೊಂದು ಬಾಲವಾಡಿ ಮಾಡಬೇಕೆಂದು ಹೆಂಗಸರು ಎರಡು ಸಲ ಸಭೆಯಲ್ಲಿ ಕೇಳಿದ್ದೆವು. ಮುಕಾದಮರು ಎದುರಿಗೆ ಕುಳಿತು, "ಯಾರ್ಯಾರಿಗೆ ಬಾಲವಾಡಿ ಬೇಕ್ರಿ, ಕೈ ಎತ್ತರಿ" ಅಂದಾಗ ಒಂದು ಕೈಯೂ ಏಳಲಿಲ್ಲ. ನನ್ನದೂ ಏಳಲಿಲ್ಲ.

ಆಮೇಲೊಂದು ದಿನ, ನಾನು ಕೆಲಸದಲ್ಲಿದ್ದಾಗ, ಮೂರು ವರ್ಷದ ನನ್ನ ಮಗಳು ಪಕ್ಕದ ಮನೆಯಿಂದ ಹೊರಬಿದ್ದು ಹೆದ್ದಾರಿಯ ನಡುವೆ ಹೋಗಿ ನಿಂತಳು. ಲಾರಿಯವನೊಬ್ಬ ಬ್ರೇಕು ಹಾಕಿ ಇಳಿದು ಅವಳನ್ನು ಎತ್ತಿಕೊಂಡು ಬಂದ. ಆ ರವಿವಾರ ಅಕ್ಕೋರ ಮನೆಗೆ ಹೋದವಳು ಮಗಳ ಸುದ್ದಿ, ಸಭೆಯಲ್ಲಿ ಕೈ ಎತ್ತದ ಸುದ್ದಿ ಎಲ್ಲ ಹೇಳಿದೆ. ಕೇಳಿಸಿಕೊಂಡು, ಅವರು ನನ್ನ ಪುಸ್ತಕದಲ್ಲಿ ಚುನಾವಣೆಯ ಪಾಠ ತೆರೆದರು.

"ತಂಗಿ, ಆ ಕಾಲಕ್ಕ ಅಮೆರಿಕಾದಾಗ ಒಂದೊಂದು ಪಕ್ಷಕ್ಕ ಒಂದೊಂದು ಬಣ್ಣದ ಚೀಟಿ ಇರತಿತ್ತು. ಯಾರ ಕೈಯಾಗ ಯಾವ ಬಣ್ಣ ಅಂತ ಯಜಮಾನರು ನೋಡಕೋತ ನಿಂದರತಿದ್ರು. ಮುಂದ ಆಸ್ಟ್ರೇಲಿಯಾ ನೋಡಿ ಕಲತು, ಎಲ್ಲಾರಿಗೂ ಒಂದ ನಮೂನಿ ಚೀಟಿ, ಪರದೆ ಹಿಂದ ಗುರುತು, ಅಂತ ಮಾಡಿದ್ರು. ನಾವೂ ಮಾಡೋಣೇನು?"

ಮರುದಿನವೇ ನನ್ನನ್ನು ಕರೆದುಕೊಂಡು, ಗುಟ್ಟಾಗಿ ಚೀಟಿ ಹಾಕುವ ಮಾತೆತ್ತಲು ಮುಕಾದಮರ ಬಳಿ ಹೋದರು. ನನ್ನ ಗಂಡನ ಕೆಲಸ ಅವರ ಕೈಯಲ್ಲೇ ಇತ್ತು. ಅದು ಹೋದರೆ ಊರಿಗೆ ಮರಳಬೇಕಾಗುತ್ತಿತ್ತು.

"ನಮ್ಮ ನಮ್ಮೊಳಗ ಮುಚ್ಚುಮರಿ ಯಾಕ್ರೀ ಅಕ್ಕೋರ?" ಎಂದರು ಅವರು.

"ಮುಚ್ಚುಮರಿ ಅಲ್ಲರೀ. ಮಂದಿಗೆ ಖರೇನ ನಿಮ್ಮ ಮಾತು ಒಪ್ಪಿಗಿ ಇದ್ರ ಪರದೆ ಹಿಂದೂ ನಿಮಗ ಹಾಕತಾರ. ಅಂಜಿ ಹಾಕಿದ್ರು ಅಂತ ಮುಂದ ಯಾರೂ ಅನ್ನಂಗಿಲ್ಲ."

ಮುಕಾದಮರು ಮೀಸೆ ಸವರಿಕೊಂಡು ಆಗಲಿ ಎಂದರು. ಗೆಲ್ಲುವುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

ಚೀಟಿಯಲ್ಲಿ 'ಬಾಲವಾಡಿ', 'ಗೋದಾಮು' ಎಂದು ಬರೆಯಲು ನಾನು ಹಾಳೆ ತೆಗೆದೆ. ಅಕ್ಕೋರು ಪೆನ್ನು ಕಸಿದುಕೊಂಡರು. "ಅಲ್ಲಿ ಅವರು ಇದ ತಪ್ಪು ಮಾಡಿದ್ರು. ಚೀಟಿ ತುಂಬ ಅಕ್ಷರ ಇಟ್ಟು, ಓದಾಕ ಬರದವರನ್ನ ಹೊರಗ ಹಾಕಿದ್ರು. ಸುಧಾರಣಾ ಅಂತ ಹೆಸರು ಬ್ಯಾರೆ." ಹೀಗೆಂದು ತಾವೇ ಬಾಲವಾಡಿಗೆ ಒಂದು ತೊಟ್ಟಿಲು, ಗೋದಾಮಿಗೆ ಒಂದು ಚೀಲ ಬರೆದರು. ಅವರ ತೊಟ್ಟಿಲು ಥೇಟು ಮಾಂಡವಿ ನದಿಯ ದೋಣಿಯಂತಿತ್ತು. ಹೆಂಗಸರೆಲ್ಲ ನಕ್ಕರು. ಹಾಗಂತ ಅದನ್ನು ತಿದ್ದಲಿಲ್ಲ, ಅದನ್ನೇ ಝೆರಾಕ್ಸ್ ಮಾಡಿಸಿದೆವು.

ಮುಂದಿನ ರವಿವಾರ ಸಂಘದ ಕೋಣೆಯ ಬಾಗಿಲಿಗೆ ಸೀರೆ ಕಟ್ಟಿ, ಬಿಸ್ಕೀಟ್ ಡಬ್ಬಿಗೆ ಸೀಳು ಕೊರೆದು ಇಟ್ಟೆವು. ಒಬ್ಬೊಬ್ಬರೇ ಒಳಗೆ ಹೋಗಿ ಬಂದರು. ಮುಕಾದಮರೂ ಸಾಲಿನಲ್ಲಿ ನಿಂತು ಹಾಕಿದರು, ಅವರ ಹೆಂಡತಿಯೂ ಹಾಕಿದರು. ಎಲ್ಲರ ಮುಂದೆ ಡಬ್ಬಿ ಸುರಿದಾಗ ತೊಟ್ಟಿಲಿನ ರಾಶಿ ಬೆಳೆಯುತ್ತಲೇ ಹೋಯಿತು. ಚೀಲಕ್ಕೆ ಬಿದ್ದವು ಬೆರಳೆಣಿಕೆಯಷ್ಟು.

ಮುಕಾದಮರ ಮುಖ ಕೆಂಪಾಯಿತು. "ಯಾರ್ಯಾರು ತೊಟ್ಟಲಿಗೆ ಹಾಕೀರಿ?" ಎಂದರು.

"ಅದು ನನಗೂ ಗೊತ್ತಿಲ್ಲರೀ" ಎಂದರು ಅಕ್ಕೋರು. "ನಿಮ್ಮ ಮನಿಯವರೂ ಹಾಕಿರಬಹುದು."

ಮುಕಾದಮರು ಹೆಂಡತಿಯ ಕಡೆ ತಿರುಗಿದರು. ಆಕೆ ಸೆರಗಿನ ಅಂಚನ್ನು ಬಹಳ ಆಸ್ಥೆಯಿಂದ ನೋಡುತ್ತ ಕುಳಿತಿದ್ದರು. ಮೊದಲು ನಕ್ಕವರು ಮುಕಾದಮರೇ. ವಾರದೊಳಗೆ ಚೀಲಗಳು ಹೊರಗೆ ಹೋದವು. ಸುಣ್ಣ ಹಚ್ಚಲು ಅವರೇ ಆಳು ಕಳಿಸಿದರು. ಯಾರ ಕೆಲಸವೂ ಹೋಗಲಿಲ್ಲ. ಬಾಲವಾಡಿ ಈಗಲೂ ನಡೆಯುತ್ತಿದೆ. ನನ್ನ ಮಗಳು ಅಲ್ಲಿ ಕಲಿತು ಈಗ ಹೈಸ್ಕೂಲಿಗೆ ಹೋಗುತ್ತಾಳೆ. ನಾನು ಬಿ.ಎ. ಮುಗಿಸಿದೆ, ಅದೇ ಕಾರ್ಖಾನೆಯ ಕಚೇರಿಯಲ್ಲಿ ನೌಕರಿ ಸಿಕ್ಕಿತು. ಅದಕ್ಕಿಂತ ದೊಡ್ಡದೆಂದರೆ, ಹತ್ತು ಜನರ ನಡುವೆ ನನಗನ್ನಿಸಿದ್ದನ್ನು ಹೇಳುವ ಧೈರ್ಯ ಬಂತು.

ಹೋದ ವರ್ಷ ಶ್ರಾವಣದಲ್ಲಿ, ಬೆಳಗಿನ ಚಹಾ ಕುಡಿದು ಪೇಪರು ಓದುತ್ತಿದ್ದ ಹಾಗೆಯೇ ಅಕ್ಕೋರು ತೀರಿಕೊಂಡರು. ಸುದ್ದಿ ಬಂದಾಗ ನಾನು ಕಚೇರಿಯಲ್ಲಿದ್ದೆ. ಸಾವಿನ ರಜೆ ಸಿಗುವುದು ಮನೆಯವರು ತೀರಿಕೊಂಡರೆ ಮಾತ್ರ. ಅರ್ಜಿಯಲ್ಲಿ ತೀರಿಕೊಂಡವರ ಸಂಬಂಧ ಕೇಳುವ ಜಾಗವೊಂದಿತ್ತು. ಅಲ್ಲಿ ಯೋಚಿಸದೆ 'ತಾಯಿ' ಎಂದು ಬರೆದೆ. ನನ್ನ ಹೆತ್ತ ತಾಯಿ ಊರಿಂದ ಬಂದು ಕಚೇರಿಯಲ್ಲಿ ಎಲ್ಲರಿಗೂ ಶೇಂಗಾ ಹೋಳಿಗೆ ಹಂಚಿ ಹೋಗಿದ್ದು ಅದೇ ತಿಂಗಳು. ಸೂಪರ್‌ವೈಸರರೂ ತಿಂದಿದ್ದರು. ಅವರು ಅರ್ಜಿ ಓದಿದರು, ನನ್ನ ಮುಖ ನೋಡಿದರು, ಸಹಿ ಹಾಕಿಕೊಟ್ಟರು.