ಮೀಸೆ ಮಾಮನ ಹಿಂದಿನ ಕಿಟಕಿ

ಬೀದಿಯವರ ಮೀಸೆಯನ್ನೆಲ್ಲ ತಿದ್ದುವ ಕ್ಷೌರದಂಗಡಿಯವನಿಗೆ ಮೀಸೆ ಮಾಮ ಎಂದೇ ಹೆಸರು. ಗಿರಾಕಿಯ ತಲೆಯನ್ನು ಅರ್ಧಕ್ಕೆ ಬಿಟ್ಟಾದರೂ ಸರಿ, ಕನ್ನಡಿ ನೋಡಿ ತನ್ನ ಮೀಸೆ ಹುರಿ ಮಾಡಿಕೊಳ್ಳುತ್ತಿದ್ದ. ಅಂಗಡಿಯ ಬೆನ್ನಿಗೇ ಊರಿನ ಕೊಳಚೆ ಕಾಲುವೆ. ಆ ಸಾಲಿನಲ್ಲಿ ಹಿಂದಿನ ಕಿಟಕಿ ಇದ್ದದ್ದು ಅವನೊಬ್ಬನಿಗೇ. ಹಾಗಾಗಿ ಅವನ ಸೋಪಿನ ನೀರು, ಪಕ್ಕದ ದರ್ಜಿಯ ಚಿಂದಿ, ಯಾರ್ಯಾರದೋ ಮುಸುರೆ, ಎಲ್ಲಕ್ಕೂ ಅದೇ ದಾರಿ.

ಕಾಲುವೆಯನ್ನು ಶುದ್ಧ ಮಾಡಿ ದಡದಲ್ಲಿ ಉದ್ಯಾನ ಬೆಳೆಸುತ್ತಾರೆಂಬ ಸುದ್ದಿ ಬಂದಾಗ ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕ.

"ಈ ಗಬ್ಬು ನೀರಲ್ಲಿ ಒಂದೇ ಒಂದು ಮೀನು ಕಾಣಿಸ್ಲಿ, ನನ್ ಮೀಸೆ ಬೋಳಿಸ್ಕೋತೀನಿ!" ಎಂದು ದರ್ಜಿಯ ಮುಂದೆ ಪಂಥ ಕಟ್ಟಿದ.

ನಾಲಿಗೆ ಸ್ವಲ್ಪ ಬಿಗಿಹಿಡಿಯಬೇಕಿತ್ತು, ಹಿಡಿಯಲಿಲ್ಲ. ತಗಡಿನ ಬೇಲಿ ಹಾಕಿ ಹೂಳೆತ್ತಿದರು, ಚರಂಡಿ ಪೈಪುಗಳನ್ನು ಬೇರೆ ಕಡೆ ತಿರುಗಿಸಿದರು, ದಡದಲ್ಲಿ ಜೊಂಡು ನೆಟ್ಟರು. ಒಂದು ಬೆಳಿಗ್ಗೆ ಕಿಟಕಿ ತೆರೆದರೆ ಎದುರಿನ ಕಂಬದ ಮೇಲೆ ಮಿಂಚುಳ್ಳಿ, ಅದರ ಕೊಕ್ಕಿನಲ್ಲಿ ವಿಲವಿಲ ಒದ್ದಾಡುವ ಮೀನು! ಮಾಮ ತಟ್ಟನೆ ಕಿಟಕಿ ಮುಚ್ಚಿದ. ಅಗುಳಿ ಹಾಕಿ, ಮೇಲೊಂದು ದೊಡ್ಡ ಕ್ಯಾಲೆಂಡರ್ ನೇತುಹಾಕಿದ. ಕೇಳಿದವರಿಗೆಲ್ಲ, "ಕಿಟಕಿ ಕಚ್ಕೊಂಡಿದೆ" ಎಂದ.

ಆದರೆ ಅಂಗಡಿ ಖಾಲಿಯಾದ ಕೂಡಲೇ ಕ್ಯಾಲೆಂಡರ್ ಎತ್ತಿ ಇಣುಕುವುದು ಬಿಡಲಿಲ್ಲ. ಸೋಪಿನ ನೀರನ್ನು ಬಚ್ಚಲಿಗೆ ಹೊತ್ತೊಯ್ದು ಸುರಿಯತೊಡಗಿದ. ಜೊಂಡಿನ ಬುಡದಲ್ಲಿ ಮೀನಿನ ಮರಿಗಳು ಪಿತಪಿತ ಅನ್ನುತ್ತಿದ್ದದ್ದನ್ನು ಕಂಡ ದಿನವಂತೂ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೇಳಿಕೊಳ್ಳೋಣವೆಂದರೆ ಮೀಸೆ ಅಡ್ಡ.

ಒಂದು ದಿನ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಿದ್ದಾಗ ದರ್ಜಿ ಚಿಂದಿಯ ಮೂಟೆ ಹೊತ್ತು ಬಂದ. "ಕಚ್ಕೊಂಡಿದ್ರೆ ನಾನ್ ತೆಗೀತೀನಿ ಬಿಡಣ್ಣ" ಎನ್ನುತ್ತ ಕ್ಯಾಲೆಂಡರ್ ಸರಿಸಿ, ಕಿಟಕಿ ತೆರೆದು, ಮೂಟೆ ಎತ್ತಿಯೇ ಬಿಟ್ಟ.

"ಏಯ್, ಹಾಕ್ಬೇಡ್ವೋ! ಮೀನಿನ ಮರಿಗಳಿವೆ ಅಲ್ಲಿ!"

ದರ್ಜಿ ಮೂಟೆ ಇಳಿಸಿ, ಬಗ್ಗಿ ನೀರು ನೋಡಿ, ಆಮೇಲೆ ಮಾಮನ ಮೀಸೆ ನೋಡಿದ. ದರ್ಜಿಗೇ ಪಾಪ ಅನ್ನಿಸಿತು.

"ಬಿಡಣ್ಣ, ಅವತ್ತು ತಮಾಷೆಗೆ ಆಡಿದ್ ಮಾತು."

"ಆಡಿದ್ದು ಆಡ್ದೆ ಕಣೋ," ಎಂದ ಮಾಮ. ಗಿರಾಕಿಯನ್ನು ನೊರೆಯ ಸಮೇತ ಎಬ್ಬಿಸಿ ಕುರ್ಚಿಯಲ್ಲಿ ತಾನೇ ಕುಳಿತ. ಕಣ್ಣು ಮುಚ್ಚಿ ಕತ್ತಿ ಎಳೆದ. ಮೀಸೆ ಹೋದ ಜಾಗ ಮಗುವಿನ ಕೆನ್ನೆಯ ಹಾಗೆ ಬೆಳ್ಳಗಿತ್ತು.

ಮಡಿಲಿಗೆ ಬಿದ್ದ ಕೂದಲನ್ನು ದರ್ಜಿ ಗೌರವದಿಂದ ಕಾಗದದಲ್ಲಿ ಕಟ್ಟಿದ. "ಇಷ್ಟು ವರ್ಷದ ಮೀಸೆ. ಇದನ್ನಾದ್ರೂ ನೀರಿಗೆ ಬಿಡೋಣ್ವಾ?"

ಮಾಮ ಪೊಟ್ಟಣ ಕಿತ್ತುಕೊಂಡು ಕಸದ ಡಬ್ಬಕ್ಕೆ ಹಾಕಿದ.

"ಮರಿಗಳ ಗಂಟಲಿಗೆ ಸಿಕ್ಕಿಕೊಂಡ್ರೆ?"