ಖಳನಿಗೆ ಕೊಟ್ಟ ದನಿ

ನಮ್ಮ ಮನೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಒಂದು ಮೀಸೆಯಿದೆ. ಕರಿ ಉಲ್ಲನ್ನಿನದು, ಎರಡೂ ತುದಿಯನ್ನು ಮೇಲಕ್ಕೆ ಹುರಿಗೊಳಿಸಿದ್ದು. ಮೆಣಸಿನ ಕೊಯ್ಲು ಮುಗಿದ ಮೇಲೆ ಬೆಳಗೋಡಿನಲ್ಲಿ ನಾವು ವರ್ಷಕ್ಕೊಮ್ಮೆ ಆಡುವ ನಾಟಕದಲ್ಲಿ ಅದು ಖಳನ ಮೂಗಿನ ಕೆಳಗೆ ಏರಿ ಕೂರುತ್ತದೆ. ನಾಟಕ ಬರೆಯುವವಳು ನಾನು. ಹೊಟ್ಟೆಪಾಡಿಗೆ ಇರುವುದು ಕಾಫಿ, ಮೆಣಸಿನ ಸಸಿಗಳ ನರ್ಸರಿ. ಸಸಿಗಳು ನನ್ನ ಮಾತು ಕೇಳುತ್ತವೆ, ಖಳರು ಕೇಳುವುದಿಲ್ಲ. ಎಷ್ಟೇ ಕ್ರೂರವಾದ ಮಾತು ಬರೆದುಕೊಟ್ಟರೂ ಆ ಮೀಸೆ ಕಂಡೊಡನೆ ಜನ ಬಿದ್ದು ಬಿದ್ದು ನಗುತ್ತಾರೆ. ಹೋದ ಸಲವಂತೂ ಮುಂದಿನ ಸಾಲಿನ ಅಜ್ಜಿಯೊಬ್ಬರು ಖಳನಿಗೆ ಅಕ್ಕರೆಯಿಂದ ಕಡಲೆಕಾಯಿ ಕೊಟ್ಟರು, ಅವನೂ ಪಾತ್ರ ಮರೆತು ಇಸಿದುಕೊಂಡು ತಿಂದ.

ಈ ಸಲ ಹೇಗಾದರೂ ಮಾಡಿ ಜನರನ್ನು ಹೆದರಿಸಲೇಬೇಕೆಂದು ಹಟ ಹಿಡಿದೆ. ಅಣ್ಣನ ಮಗಳು ನನ್ನ ಫೋನಿಗೆ ಮಾತಾಡುವ ಎಐ ಒಂದನ್ನು ಹಾಕಿಕೊಟ್ಟಿದ್ದಳು. ನರ್ಸರಿಯ ನೆರಳಬಲೆಯ ಕೆಳಗೆ ಕೂತು ಅದಕ್ಕೆ ನನ್ನ ಸಂಕಟ ತೋಡಿಕೊಂಡೆ. ಅದು ಮೀಸೆಯ ಸುದ್ದಿಗೇ ಹೋಗಲಿಲ್ಲ. ನಿಮ್ಮೂರಿನ ಜನ ಪ್ರಶ್ನೆಯೇ ಮಾಡದೆ ನಂಬುವುದು ಯಾವುದನ್ನು ಎಂದು ಕೇಳಿತು.

ನೀವೇ ಹೇಳಿ ಗೆಳೆಯರೇ, ಇಂಥ ಪ್ರಶ್ನೆಯನ್ನು ನಿಮಗೆ ಯಾರಾದರೂ ಕೇಳಿದ್ದುಂಟೇ? ದೇವರು, ಸರ್ಕಾರ, ಹವಾಮಾನ, ನೆಂಟಸ್ತಿಕೆ, ಎಲ್ಲವನ್ನೂ ಒಂದೊಂದಾಗಿ ಮನಸ್ಸಿನಲ್ಲಿ ಎತ್ತಿ ಇಳಿಸಿ ನೋಡಿದೆ. ಯಾವುದನ್ನೂ ನಾವು ಪ್ರಶ್ನೆ ಮಾಡದೆ ಬಿಟ್ಟವರಲ್ಲ. ಕೊನೆಗೆ ಉಳಿದದ್ದು ಆನೆಯ ಸುದ್ದಿ. ಸಕಲೇಶಪುರ, ಆಲೂರಿನ ಈ ಗುಡ್ಡಗಳಲ್ಲಿ ಆನೆ ಕಂಡವನು ಮೊದಲು ಊರವರೆಲ್ಲ ಇರುವ ಫೋನಿನ ಗ್ರೂಪಿನಲ್ಲಿ ಕೂಗಿ ಹೇಳಬೇಕು, ಆಮೇಲೆ ಓಡಬೇಕು. ಅದೂ ದನಿ ಮುದ್ರಿಸಿ ಬಾಯಿಮಾತಿನಲ್ಲೇ, ಬೆಳಿಗ್ಗೆ ಕೆಲಸಕ್ಕೆ ನಡೆಯುವವರಿಗೆ ಓದುತ್ತ ನಿಲ್ಲಲು ಪುರುಸೊತ್ತಿರುವುದಿಲ್ಲ. ಆ ಗ್ರೂಪಿನಲ್ಲಿ ಶುಭೋದಯವಿಲ್ಲ, ಲಗ್ನಪತ್ರಿಕೆಯಿಲ್ಲ, ತಮಾಷೆಯಂತೂ ಇಲ್ಲವೇ ಇಲ್ಲ. ಬೇಲಿಗಾಗಿ ಕೋರ್ಟಿಗೆ ಅಲೆಯುತ್ತಿರುವ ದಾಯಾದಿಗಳೂ ಆನೆ ಬಂದರೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ಇದನ್ನೆಲ್ಲ ಹೇಳಿದೆ. ಎಐ ಉತ್ತರಿಸಿತು: ಹಾಗಾದರೆ ನಿಮ್ಮ ಖಳ ಅಲ್ಲಿಯೇ ಸುಳ್ಳಾಡಲಿ, ಅವನ ದನಿ ಊರಿಗೆಲ್ಲ ಪ್ರಿಯವಾದದ್ದಾಗಿರಲಿ.

ಮೈ ಜುಮ್ಮೆಂದಿತು. ಹೆದರಿಕೆಗಿಂತ ಅದು ಸಂತೋಷವೇ ಹೆಚ್ಚು ಎಂಬುದನ್ನು ಮುಚ್ಚಿಡಲಾರೆ. ನಾವಿಬ್ಬರೂ ಸೇರಿ ದೃಶ್ಯ ಕಟ್ಟಿದೆವು. ಮೆಣಸಿನ ಮೂಟೆ ಕದಿಯಲು ನಮ್ಮೂರ ಮೇಲಿನ ದಾರಿ ಖಾಲಿಯಾಗಬೇಕು. ಅದಕ್ಕಾಗಿ ಖಳ ಅಲ್ಲಿ ಸಲಗವಿದೆಯೆಂದು ಸುಳ್ಳು ಕೂಗಿ, ಆಳುಗಳನ್ನು ಹಳ್ಳದ ದಾರಿಗೆ ತಿರುಗಿಸುತ್ತಾನೆ. ಹಳ್ಳದಲ್ಲಿ ಬಿದಿರುಮೆಳೆಯಿದೆ, ನೀರಿದೆ, ಹಗಲು ಹೊತ್ತು ಆನೆಗಳು ತಂಗುವುದೇ ಅಲ್ಲಿ. ಈ ವಿವರ ಎಐಗೆ ಗೊತ್ತಿರಲಿಲ್ಲ, ಒದಗಿಸಿದವಳು ನಾನೇ.

ದನಿಗಾಗಿ ಹುಡುಕಬೇಕಾಗಿರಲಿಲ್ಲ, ನಜೀರ್ ಇದ್ದ. ಸಕಲೇಶಪುರದವನು, ಜೀಪಿನಲ್ಲಿ ತೋಟಗಳಿಗೆ ಸಸಿ, ಗೊಬ್ಬರ, ಆಳುಗಳನ್ನು ಸಾಗಿಸುವವನು. ಗ್ರೂಪಿನಲ್ಲಿ ಅತಿ ಹೆಚ್ಚು ಕೇಳುವ ದನಿಯೂ ಅವನದೇ. ದೃಶ್ಯ ಓದಿ ಹೇಳಿದಾಗ ಅವನ ಮುಖ ಸಪ್ಪಗಾಯಿತು.

"ಏನ್ ಸುಮಕ್ಕ ಇದು? ಕಳ್ಳ ಆದ್ರೂ ಆನೆ ವಿಷ್ಯದಾಗೆ ಸುಳ್ಳು ಹೇಳ್ತಾನಾ? ನಮ್ ಕಡೆ ಅಂಥೋನು ಹುಟ್ಟೇ ಇಲ್ಲ ಕಣಕ್ಕ."

"ಅದಕ್ಕೇ ಮಾರಾಯ ಹುಟ್ಟಿಸ್ತಾ ಇರೋದು. ಈ ಸಲ ನೋಡು, ಒಬ್ರೂ ನಗಲ್ಲ" ಎಂದೆ.

ಮಾತು ಬಾಯಿಪಾಠ ಮಾಡಲು ನಜೀರನದೊಂದು ಪದ್ಧತಿ. ಜೀಪಿನಲ್ಲಿ ಕೂತು ಫೋನಿಗೆ ಹೇಳಿ ನನಗೆ ಕಳಿಸುತ್ತಾನೆ, ನಾನು ತಿದ್ದುತ್ತೇನೆ. ಒಂದು ಬೆಳಿಗ್ಗೆ ನರ್ಸರಿಯ ಮುಂದೆ ಅವನು ಹಾಗೆ ಅಭ್ಯಾಸ ಮಾಡುತ್ತಿದ್ದ, ನಾನು ಒಳಗೆ ಸಸಿ ಎಣಿಸುತ್ತಿದ್ದೆ. ಫೋನು ಸದ್ದು ಮಾಡಿತು. "ಕೇಳ್ರಪ್ಪಾ, ಮೇಲಿನ ದಾರಿ ತಿರುವಲ್ಲಿ ಒಂಟಿ ಸಲಗ ನಿಂತೈತೆ. ಯಾರೂ ಆ ಕಡೆ ಬರಬ್ಯಾಡಿ, ಹಳ್ಳದ ದಾರೀಲಿ ಹೋಗ್ಬುಡಿ." ಎಂಥ ದನಿ! ಆತಂಕ, ಅಕ್ಕರೆ, ಅವಸರ ಎಲ್ಲ ಹದವಾಗಿ ಬೆರೆತಿದ್ದವು. ಭೇಷ್ ಎಂದು ಬರೆಯಲು ಹೊರಟ ಬೆರಳು ಅರ್ಧಕ್ಕೇ ನಿಂತಿತು. ಮಾತು ಬಂದದ್ದು ನನಗಲ್ಲ, ಆನೆಯ ಗ್ರೂಪಿಗೆ.

ಅದರ ಹಿಂದೆಯೇ ಲಕ್ಕಮ್ಮನ ಉತ್ತರ ಬಂತು. ಪಕ್ಕದ ಎಸ್ಟೇಟಿನಲ್ಲಿ ಮೆಣಸು ಕೊಯ್ಯುವ ಹೆಂಗಸರ ಮೇಸ್ತ್ರಿ ಆಕೆ. "ಆತು ನಜೀರಣ್ಣ, ಹಳ್ಳಕ್ಕೆ ಇಳಿದ್ವಿ."

ನಾನು ಕಿರುಚಿದೆ. ನಜೀರನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಸುಳ್ಳು, ತಪ್ಪಿ ಹೋಯಿತು, ವಾಪಸು ಬನ್ನಿ ಎಂದು ಗ್ರೂಪಿನಲ್ಲಿ ಕೂಗಿದ. ಲಕ್ಕಮ್ಮನಿಗೆ ಮೇಲಿಂದ ಮೇಲೆ ಫೋನು ಮಾಡಿದ. ಹಳ್ಳದಲ್ಲಿ ಟವರ್ ಸಿಗುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಜೀಪು ಹತ್ತಿದೆವು. ಹಾರನ್ ಒತ್ತಿದರೆ ಹೆಂಗಸರು ಎಚ್ಚರಗೊಳ್ಳುತ್ತಾರೋ, ಆನೆ ಕೆರಳುತ್ತದೋ ತಿಳಿಯದೆ ಅವನು ಕೈಯನ್ನು ಅದರ ಮೇಲಿಟ್ಟು ಒತ್ತದೆ ಓಡಿಸಿದ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ: ನಾಟಕದಲ್ಲಿ ಈ ದೃಶ್ಯದ ಕೊನೆಗೆ ಒಬ್ಬ ಹೆಂಗಸು ಸಾಯುತ್ತಾಳೆ. ಪ್ರೇಕ್ಷಕರು ಉಸಿರು ಬಿಗಿಹಿಡಿಯಬೇಕೆಂದು ಹಾಗೆ ಬರೆದಿದ್ದೆ.

ಬಿದಿರುಮೆಳೆಯ ತಿರುವಿನಲ್ಲಿ ಊಟದ ಡಬ್ಬಿಯೊಂದು ಅಪ್ಪಚ್ಚಿಯಾಗಿ ಬಿದ್ದಿತ್ತು. ಜೀಪು ನಿಂತಿತು. ನಾವಿಬ್ಬರೂ ಇಳಿಯಲಾರದೆ ಕೂತಿದ್ದೆವು. ಆಗ ದಾರಿ ಪಕ್ಕದ ಕಡಿದಾದ ಮಣ್ಣಿನ ದರೆಯ ಮೇಲಿಂದ ಯಾರೋ ಮೆಲ್ಲಗೆ ಸೀಟಿ ಹಾಕಿದರು. ಸಿಲ್ವರ್ ಓಕಿನ ಮರಗಳ ಹಿಂದೆ ಹೆಂಗಸರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂತಿದ್ದರು. ಮರಿ ಜೊತೆಗಿದ್ದ ತಾಯಾನೆ ನುಗ್ಗಿ ಬಂದಾಗ ದರೆ ಹತ್ತಿ ಉಳಿದಿದ್ದರು. ಲಕ್ಕಮ್ಮನ ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ನಜೀರ್ ನಡೆದದ್ದನ್ನು ತಡವರಿಸುತ್ತ ಹೇಳಿದ, ಮಾತು ಬರೆದವಳು ನಾನೆಂದು ನಾನೂ ಹೇಳಿದೆ. ಆಕೆ ನನ್ನತ್ತ ನೋಡಲೂ ಇಲ್ಲ.

"ನೀನು ಹೇಳ್ದೆ ಅಂತ ಬಂದೆ ಕಣಣ್ಣ" ಎಂದಳು ಅವನಿಗೆ. ಅವನು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು ಮಗುವಿನಂತೆ ಅತ್ತ.

ಮನೆಗೆ ಬಂದು ಎಐಗೆ ಎಲ್ಲವನ್ನೂ ಬರೆದೆ. ಎಲ್ಲರೂ ಕ್ಷೇಮವೇ ಎಂದು ಅದು ಮೊದಲು ಕೇಳಿತು, ದೃಶ್ಯವನ್ನು ಕೈಬಿಡೋಣವೇ ಎಂದು ಆಮೇಲೆ. ಅದನ್ನು ಬೈದು ಹಗುರಾಗೋಣವೆಂದು ಕೂತಿದ್ದ ನನಗೆ ಬೈಗುಳ ಸಿಗಲಿಲ್ಲ. ಅದು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಖಳನನ್ನು ಸೃಷ್ಟಿಸಲು ಕೇಡಿನ ಜ್ಞಾನ ಬೇಕೆಂದು ಇಷ್ಟು ಕಾಲ ತಿಳಿದಿದ್ದೆ. ಬೇಕಾದದ್ದು ಜನ ಯಾವ ನಂಬಿಕೆಯ ಮೇಲೆ ಹೆಜ್ಜೆಯಿಟ್ಟು ಬದುಕುತ್ತಾರೆಂಬ ಜ್ಞಾನ. ಅದು ತಿಳಿದ ಮೇಲೆ ಮೀಸೆಯ ಅಗತ್ಯವೇ ಬೀಳುವುದಿಲ್ಲ. ಆ ದೃಶ್ಯವನ್ನು ಅಳಿಸಿದೆ. ಅಳಿಸಿದರೂ ಅದು ಬಲು ಚೆನ್ನಾಗಿತ್ತೆಂದು ಒಳಗೊಂದು ಜೀವ ಗೊಣಗುತ್ತಿತ್ತು, ಅದರ ಬಗ್ಗೆ ನನಗೆ ಈಗಲೂ ಅಸಹ್ಯವಿದೆ.

ಗ್ರೂಪಿನಲ್ಲಿ ನಜೀರ್ ಎಲ್ಲರ ಕ್ಷಮೆ ಕೇಳಿದ. ಕೆಲವರು ಉಗಿದರು. ಅಂದಿನಿಂದ ಅವನು ಅಲ್ಲಿ ಬಾಯಿ ಬಿಡಲಿಲ್ಲ. ಆನೆ ಕಂಡರೆ ನನಗೆ ಫೋನು ಮಾಡಿ, "ನೀವೇ ಹೇಳಿಬುಡಿ ಅಕ್ಕ, ನನ್ ಮಾತು ಯಾರು ನಂಬ್ತಾರೆ" ಎನ್ನುತ್ತಿದ್ದ. ಊರಿನ ಎಚ್ಚರಕ್ಕೆ ಒಂದು ಕಣ್ಣು ಕಡಿಮೆಯಾಗಿತ್ತು, ಕಿತ್ತದ್ದು ನನ್ನ ನಾಟಕ.

ಮೊನ್ನೆ ಬೆಳಿಗ್ಗೆ ನೀರು ಹಾಯಿಸುವ ಗಡಿಬಿಡಿಯಲ್ಲಿ ಅವನ ಕರೆ ನನಗೆ ಕೇಳಿಸಲಿಲ್ಲ. ಫೋನು ಎತ್ತಿಕೊಳ್ಳುವಷ್ಟರಲ್ಲಿ ಗ್ರೂಪಿನಲ್ಲಿ ಅವನ ದನಿಯಿತ್ತು, ಒಡೆದ ದನಿ: "ನಾನು ನಜೀರು. ಮೇಲಿನ ದಾರೀಲಿ ಸಲಗ ಬರ್ತಾ ಐತೆ, ಲೈನ್ ಮನೆ ಕಡೀಗೇ. ಅಲ್ಲಾನ ಆಣೆ, ಇದು ನಾಟಕ ಅಲ್ಲ."

 ಅದು ಎಸ್ಟೇಟಿನ ಆಳುಗಳ ಲೈನ್ ಮನೆಗಳಿಂದ ಹೆಂಗಸರು ಕೆಲಸಕ್ಕೆ ಹೊರಡುವ ಹೊತ್ತು. ಪೈಪಿನಿಂದ ನೀರು ಕಾಲಮೇಲೆ ಸುರಿಯುತ್ತಿದ್ದರೂ ನಾನು ಕದಲದೆ ನಿಂತಿದ್ದೆ. ನಂಬಿ, ದಯವಿಟ್ಟು ನಂಬಿ ಎಂದು ಫೋನಿಗೇ ಹೇಳುತ್ತಿದ್ದೆ. ಆಗ ಲಕ್ಕಮ್ಮನ ದನಿ ಬಂತು. ಓಡಿ ಓಡಿ ಏದುಸಿರು ಬಿಡುತ್ತಿದ್ದಳು.

"ಆಣೆಗೀಣೆ ಎಲ್ಲ ಯಾಕಣ್ಣ? ಮಕ್ಕಳ್ನೆಲ್ಲ ಸ್ಟೋರ್ ಒಳಗೆ ಕೂಡ್ಸಿದೀವಿ. ನೀನು ಜೀಪಿಂದ ಇಳೀಬ್ಯಾಡ."