ಮಗಳ ಸೈಕಲ್ಲಿನ ತೂಕ

ನನ್ನ ಮಗಳಿಗೆ ಆಗ ಹತ್ತು ವರ್ಷ, ತೂಕ ಇಪ್ಪತ್ತಾರು ಕಿಲೋ. ಅವಳಿಗೆ ನಾನು ಕೊಡಿಸಿದ ಸೈಕಲ್ಲಿನ ತೂಕ ಹದಿನೆಂಟು ಕಿಲೋ. ಈ ಎರಡನ್ನೂ ಅಂಗಡಿಯಲ್ಲೇ ಹೋಲಿಸಿ ನೋಡಿದ್ದರೆ ಮುಂದಿನದ್ಯಾವುದೂ ಆಗುತ್ತಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಮಕ್ಕಳಿಗೆ ಏನು ತಂದರೂ ಒಂದು ಅಳತೆ ದೊಡ್ಡದೇ ತರುವುದು. ಯೂನಿಫಾರ್ಮಿನ ಅಂಚನ್ನು ಮೂರು ಬೆರಳು ಒಳಗೆ ಮಡಚಿ ಹೊಲಿಸುತ್ತೇವೆ. ಹೊಸ ಬೂಟಿನ ಹಿಂದೆ ನನ್ನ ಹೆಬ್ಬೆರಳು ಹೋಗಬೇಕು. "ಬೆಳೆಯೋ ಹುಡುಗಿ" ಎಂದು ನಾನೇ ಅಂಗಡಿಯವರಿಗೆ ಹೇಳಿ, ದೊಡ್ಡವರು ಓಡಿಸುವ ಮೌಂಟನ್ ಬೈಕನ್ನೇ ತೆಗೆಸಿದೆ. ಹಿಂದೆ ಮುಂದೆ ಶಾಕ್ಸ್, ದಪ್ಪ ಟೈರು, ಇಪ್ಪತ್ತೊಂದು ಗೇರು. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಗಂಡ ಮೆಲ್ಲಗೆ "ಸ್ವಲ್ಪ ದೊಡ್ಡ ಆಯ್ತಲ್ವೇ?" ಎಂದರು. "ನಿಮಗೆಂತಾ ಗೊತ್ತದೆ ಸೈಕಲ್ ವಿಷಯ?" ಎಂದು ಅವರ ಬಾಯಿ ಮುಚ್ಚಿಸಿದೆ. ನಮ್ಮ ಮನೆಯಲ್ಲಿ ಪಾನಾ ಹಿಡಿಯುವವಳು ನಾನು. ಅವರಿಗೆ ನಟ್ಟು ಯಾವ ಕಡೆ ತಿರುಗುತ್ತದೆ ಎನ್ನುವುದೂ ಗೊತ್ತಿಲ್ಲ.

ಶಿರವಾಡದಲ್ಲಿ ನಮ್ಮ ಮನೆಯ ಹಿಂದೆಯೇ ಒಂದು ಗುಡ್ಡವಿದೆ. ಕೆಂಪು ಮಣ್ಣಿನ ದಾರಿ ಗೇರುಮರಗಳ ನಡುವೆ ಸುತ್ತುತ್ತ ಮೇಲಿನ ನೀರಿನ ಟಾಂಕಿಯವರೆಗೆ ಹೋಗುತ್ತದೆ. ಅರ್ಧ ದಾರಿಯಲ್ಲಿ ಒಂದು ಕೆಟ್ಟ ತಿರುವು. ಅದರ ಹೊರಬದಿಗೆ ಚಿರೆಕಲ್ಲು ತೆಗೆದು ಬಿಟ್ಟ ಹಳೆಯ ಹೊಂಡ. ಕೇರಿಯ ಇಬ್ಬರು ಹುಡುಗಿಯರು, ಮಗಳ ಕ್ಲಾಸಿನವರೇ, ಭಾನುವಾರ ಬೆಳಿಗ್ಗೆ ಟಾಂಕಿಯವರೆಗೆ ಹತ್ತಿ ಇಳಿಯುತ್ತಿದ್ದರು. ನನ್ನ ಮಗಳೂ ಹೋಗುತ್ತಿದ್ದಳು. ಆದರೆ ಮೊದಲ ಏರಿನಲ್ಲೇ ಅವಳ ಸೈಕಲ್ ನಿಲ್ಲುತ್ತಿತ್ತು. ಆಮೇಲೆ ತಳ್ಳುವುದೇ ಕೆಲಸ. ಆ ಹುಡುಗಿಯರು ಅವಳಿಗೆ 'ತಳ್ಳುಗಾಡಿ' ಎಂದು ಹೆಸರಿಟ್ಟರು.

ನಾನು ಸುಮ್ಮನಿರುವ ಜಾತಿಯಲ್ಲ. ಗೇಟಿನ ಹತ್ತಿರ ನಿಂತು ಕೂಗುತ್ತಿದ್ದೆ. "ಇಳೀಬೇಡ್ವೇ! ತುಳಿ! ತುಳೀತಾ ಇರು! ಇಳಿದ್ರೆ ನೋಡು ಮತ್ತೆ!" ಅವಳು ಇಳಿಯುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆಲವು ವಾರಗಳಲ್ಲಿ ಭಾನುವಾರ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು ಬರತೊಡಗಿತು. ಅಷ್ಟಕ್ಕೇ ನಿಂತಿದ್ದರೆ ಸರಿ ಇತ್ತು. ಆದರೆ ಈಜು ಕಲಿಯಲು ಕರೆದರೆ "ನಂಗೆ ಆಗೂದಿಲ್ಲ", ಶಾಲೆಯ ಓಟದ ಸ್ಪರ್ಧೆಗೆ "ನಂಗೆ ಆಗೂದಿಲ್ಲ", ಹಗ್ಗದಾಟಕ್ಕೂ "ನಂಗೆ ಆಗೂದಿಲ್ಲ". ಆ ಮಾತು ಅವಳ ಬಾಯಲ್ಲಿ ಕೂತುಬಿಟ್ಟಿತು. ಆಗ ನನಗೆ ಹೆದರಿಕೆಯಾಯಿತು.

ನನ್ನ ತವರು ಹಟ್ಟಿಕೇರಿ. ಅಪ್ಪ ಆಯುಷ್ಯವೆಲ್ಲ ಮೀನಿನ ದೋಣಿಗಳ ಎಂಜಿನ್ ರಿಪೇರಿ ಮಾಡಿದವರು. ಈಗಲೂ ಯಾರಾದರೂ ಕೆಟ್ಟ ಎಂಜಿನ್ ತಂದು ಅಂಗಳದಲ್ಲಿ ಇಳಿಸಿ ಹೋಗುತ್ತಾರೆ. ನಾನು ಪಾನಾ ಹಿಡಿಯಲು ಕಲಿತದ್ದು ಅವರ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು. ರಜೆಯಲ್ಲಿ ಮಗಳನ್ನೂ ಸೈಕಲ್ಲನ್ನೂ ಕರೆದುಕೊಂಡು ಹೋದೆ. ಅಪ್ಪ ಮೀನು ತೂಗುವ ಕೊಕ್ಕೆಯ ತಕ್ಕಡಿಯನ್ನು ಮಾವಿನ ಕೊಂಬೆಗೆ ಕಟ್ಟಿ ಸೈಕಲ್ಲನ್ನು ತೂಗುಹಾಕಿದರು. ಮುಳ್ಳು ಹದಿನೆಂಟಕ್ಕೆ ಹೋಗಿ ನಿಂತಿತು.

"ಅಯ್ಯೋ ಮಾರಾಯ್ತಿ," ಎಂದರು, "ಈ ಕೂಸಿಗೆ ಎಂತಾ ಲಂಗರು ಕಟ್ಟಿ ಕೊಟ್ಟಿದ್ಯೇ ನೀನು?"

ಮಗಳು ಎಷ್ಟೋ ದಿನಗಳ ನಂತರ ನಕ್ಕಳು. ನಾನು ನಗಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು. ಅವತ್ತೇ ತೀರ್ಮಾನಿಸಿದೆ: ಇವಳ ಅಳತೆಗೆ, ಇವಳ ತೂಕಕ್ಕೆ ಸರಿಯಾದ ಸೈಕಲ್ ನಾನೇ ಕಟ್ಟುತ್ತೇನೆ.

ಅರ್ಗಾದ ಕಡೆ ನೌಕಾಪಡೆಯವರ ಮನೆಗಳಿವೆ. ಅಲ್ಲಿ ಪ್ರತಿವರ್ಷ ಯಾರಿಗಾದರೂ ವರ್ಗವಾಗುತ್ತದೆ, ಹೋಗುವಾಗ ಮಕ್ಕಳ ಸಾಮಾನು ಮಾರಿ ಹೋಗುತ್ತಾರೆ. ನನ್ನ ಆಫೀಸಿನ ಗೆಳತಿಯೊಬ್ಬಳ ಮೂಲಕ ಅಂಥದೊಂದು ಸಣ್ಣ ಅಲ್ಯೂಮಿನಿಯಂ ಸೈಕಲ್ ಸಿಕ್ಕಿತು. ಚೌಕಟ್ಟು ಚೆನ್ನಾಗಿತ್ತು, ಉಳಿದದ್ದೆಲ್ಲ ಉಪ್ಪುಗಾಳಿಗೆ ತುಕ್ಕು ತಿಂದಿತ್ತು. ಸೀಟಿನ ಕಂಬವಂತೂ ಚೌಕಟ್ಟಿನೊಳಗೇ ಹಿಡಿದು ಕೂತಿತ್ತು. ಅಪ್ಪ ಅದಕ್ಕೆ ಎರಡು ದಿನ ಡೀಸೆಲ್ ಕುಡಿಸಿದರು. ಮೂರನೆಯ ದಿನ ನಾನು ಕೆಳಗೆ ಹಿಡಿದು, ಅವರು ಮೇಲೆ ತಿರುಗಿಸಿ, ಇಬ್ಬರೂ ಬೈದುಕೊಂಡು, ಕೊನೆಗೆ ಅದು ಕಿರ್ ಎಂದು ಹೊರಬಂತು.

ಆಮೇಲೆ ತೂಕ ಇಳಿಸುವ ಕೆಲಸ. ಮುಂದಿನ ಶಾಕ್ಸ್ ಬಿಚ್ಚಿ ತೂಗಿದರೆ ಅದೊಂದೇ ಎರಡು ಕಿಲೋ ದಾಟಿತು. ಅದರ ಜಾಗದಲ್ಲಿ ಚಕ್ರ ಹಿಡಿಯುವ ಸಾದಾ ಫೋರ್ಕು ಹಾಕಿದೆವು. ಪೆಡಲಿನ ಹತ್ತಿರ ಮೂರು ಹಲ್ಲುಚಕ್ರಗಳಿದ್ದವು; ಒಂದನ್ನೇ ಉಳಿಸಿದೆ. ಸ್ಟ್ಯಾಂಡು, ಕ್ಯಾರಿಯರು, ಮಡ್‌ಗಾರ್ಡು ಎಲ್ಲ ಹೋದವು. ಹ್ಯಾಂಡಲ್ ಅವಳ ಭುಜಕ್ಕಿಂತ ಅಗಲವಿತ್ತು, ಎರಡೂ ತುದಿ ಗರಗಸದಲ್ಲಿ ಕೊಯ್ದೆ. ಪೆಡಲ್ ಕೂರುವ ಕ್ರ್ಯಾಂಕು ಉದ್ದವಾಯಿತೆಂದು ಮಕ್ಕಳ ಅಳತೆಯದನ್ನು ಆನ್‌ಲೈನಿನಲ್ಲಿ ತರಿಸಿದೆ. ಬ್ರೇಕು ಮಾತ್ರ ಹಳೆಯ ನಮೂನೆಯದೇ ಇಟ್ಟೆ: ಎರಡು ರಬ್ಬರ್ ತುಂಡುಗಳು ಚಕ್ರದ ರಿಮ್ಮನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವಂಥದ್ದು. ಡಿಸ್ಕ್ ಬ್ರೇಕಿಗಿಂತ ಅದು ಹಗುರ. ಬ್ರೇಕಿನ ಹಿಡಿಕೆಯಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ; ಅದನ್ನು ತಿರುಗಿಸಿ, ಮಗಳ ಬೆರಳು ಸಲೀಸಾಗಿ ಮುಟ್ಟುವಷ್ಟು ಹತ್ತಿರ ತಂದೆ.

ಒಂದೊಂದು ತುಂಡನ್ನೂ ಮಗಳೇ ಕೊಕ್ಕೆಗೆ ಸಿಕ್ಕಿಸಿ ತೂಗುತ್ತಿದ್ದಳು. ಅಪ್ಪನಿಗೆ ಇದೆಲ್ಲ ತಮಾಷೆ. ಅವರ ಪ್ರಕಾರ ಭಾರವಿದ್ದದ್ದೇ ಗಟ್ಟಿ. "ಇಷ್ಟ್ ಹಗೂರ ಮಾಡಿದ್ರೆ ಗಾಳಿ ಬಂದಾಗ ಎಲ್ಲಿ ಹುಡಕೂದೇ ಇದನ್ನ?" ಎಂದು ಕೆಣಕುತ್ತಿದ್ದರು. ಆದರೂ ಕಟ್ಟಿ ಮುಗಿದ ದಿನ ಅವರೇ ಮೊದಲು ಎತ್ತಿ ನೋಡಿದ್ದು. ಒಂಬತ್ತೂವರೆ ಕಿಲೋ. ಮಗಳು ಒಂದೇ ಕೈಯಲ್ಲಿ ಎತ್ತಿ, ಆಮೇಲೆ ಹತ್ತಿ ಅಂಗಳದ ತುಂಬ ತಿರುಗಿ, ಅಜ್ಜನ ಎದುರು ಬ್ರೇಕ್ ಹಿಡಿದು ಗಕ್ಕನೆ ನಿಲ್ಲಿಸಿದಳು. "ಆಯಿ, ಇದು ನಂಗೆ ಆಗ್ತದೆ!" ಎಂದು ನನ್ನತ್ತ ತಿರುಗಿ ಕೂಗಿದಳು. ನಾನು ಒಳಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದೆ.

ಶನಿವಾರ ಸೈಕಲ್ಲನ್ನು ಟೆಂಪೋದಲ್ಲಿ ಹಾಕಿ ಶಿರವಾಡಕ್ಕೆ ತಂದೆವು. ಮಗಳು ಗೆಳತಿಯರಿಗೆ ಸುದ್ದಿ ಹೇಳಲು ಓಡಿದಳು. ನಾನು ಜಗಲಿಯಲ್ಲಿ ಕೂತೆ. ನಮ್ಮ ತವರಿನಲ್ಲಿ ಒಂದು ಪದ್ಧತಿಯಿದೆ: ಶನಿವಾರ ಸಂಜೆ ದೀಪ ಹಚ್ಚುವ ಮೊದಲು ಮನೆಯ ಕಬ್ಬಿಣಕ್ಕೆಲ್ಲ ಎಣ್ಣೆ ಒರೆಸಬೇಕು. ಕತ್ತಿ, ಪಾನಾ, ಬಾಗಿಲ ತಿರುಗಣೆ, ಎಂಜಿನ್, ಏನಿದ್ದರೂ ಸರಿ. ಒರೆಸದಿದ್ದರೆ ಸಮುದ್ರದ ಗಾಳಿ ತಿಂಗಳೊಳಗೆ ತಿಂದುಹಾಕುತ್ತದೆ. ಚಿಕ್ಕಂದಿನಿಂದ ಮಾಡಿದ ಕೆಲಸ, ತಲೆಗಿಂತ ಮೊದಲು ಕೈ ಹೋಗುತ್ತದೆ. ಹಳೆಯ ಲುಂಗಿಯ ತುಂಡನ್ನು ಎಂಜಿನ್ ಎಣ್ಣೆಯಲ್ಲಿ ಅದ್ದಿ ಹಿಂಡಿ ಇಡೀ ಸೈಕಲ್ಲಿಗೆ ಒರೆಸಿದೆ. ಚೌಕಟ್ಟು, ನಟ್ಟು, ಕಡ್ಡಿಗಳು, ಕೊನೆಗೆ ಎರಡೂ ರಿಮ್ಮುಗಳು. ಹೊಳೆಯಿತು ನೋಡಿ! ನಾನು ದೂರ ನಿಂತು ನೋಡಿ ಖುಷಿಪಟ್ಟೆ.

ಭಾನುವಾರ ಬೆಳಿಗ್ಗೆ ಮಗಳೂ ಆ ಇಬ್ಬರು ಹುಡುಗಿಯರೂ ಹೊರಟರು. ನಮ್ಮ ಮನೆಯಿಂದಲೇ ಏರು ಶುರು, ಬ್ರೇಕ್ ಹಿಡಿಯುವ ಪ್ರಸಂಗವೇ ಇಲ್ಲ. "ಇಳೀಬೇಡ, ಗೊತ್ತಾಯ್ತಾ?" ಎಂದು ಕೂಗಿಯೇ ಕಳಿಸಿದೆ. ನಮ್ಮ ಹಿತ್ತಿಲಿನಿಂದ ಟಾಂಕಿ ಕಾಣುತ್ತದೆ. ನಾನೂ ಗಂಡನೂ ಅಲ್ಲಿ ಕತ್ತೆತ್ತಿ ನಿಂತೆವು. ಸ್ವಲ್ಪ ಹೊತ್ತಿಗೆ ಟಾಂಕಿಯ ಪಕ್ಕದಲ್ಲಿ ಹಳದಿ ಫ್ರಾಕು ಕಂಡಿತು. ಎಲ್ಲರಿಗಿಂತ ಮೊದಲು! ಅವಳು ಎರಡೂ ಕೈ ಬೀಸಿದಳು. ನನ್ನ ಗಂಡ ನನ್ನ ಬೆನ್ನು ತಟ್ಟಿ "ಗೆದ್ದೆ ನೀನು" ಎಂದರು. ಹೌದು, ಗೆದ್ದೆ ಎಂದೇ ನಾನೂ ಅಂದುಕೊಂಡೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಆ ಇಬ್ಬರು ಹುಡುಗಿಯರು ಸರ್ರನೆ ಇಳಿದು ಬಂದರು. ನನ್ನ ಮಗಳು ಬರಲಿಲ್ಲ.

"ಎಲ್ಲೇ ಅವಳು?"

"ಹಿಂದೇ ಇದ್ಳು ಆಂಟಿ. ನಾ ಆಮೇಲ್ ಬತ್ತೆ ಅಂದ್ಳು."

ಕಾದೆ. ಬರಲಿಲ್ಲ. ಗುಡ್ಡ ಹತ್ತತೊಡಗಿದೆ. ಮೊದಲ ನೂರು ಹೆಜ್ಜೆ ಹೆದರಿಕೆ. ಆ ಹೊಂಡವೇ ಕಣ್ಣೆದುರಿಗೆ. ತಿರುವಿನ ಹತ್ತಿರ ಬಂದಾಗ ಮೇಲೆ ಹಳದಿ ಫ್ರಾಕು ಕಂಡಿತು. ಅವಳು ಸೈಕಲ್ಲಿನ ಮೇಲಿರಲಿಲ್ಲ. ನಡೆದುಕೊಂಡು ಬರುತ್ತಿದ್ದಳು, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ, ಒಂದೊಂದೇ ಹೆಜ್ಜೆ. ನನ್ನ ಹೆದರಿಕೆ ಹೋದ ದಾರಿಯಲ್ಲೇ ಸಿಟ್ಟು ಬಂತು.

"ಎಂತಾ ನಾಟಕ ಇದು?" ಎಂದು ಕೂಗಿದೆ. "ಹತ್ತೂಕೆ ಆಗೂದಿಲ್ಲ ಅಂದ್ರೆ ಹತ್ತೂ ಹಾಗೆ ಮಾಡಿಕೊಟ್ಟೆ. ಈಗ ಇಳಿಯೂಕೂ ಹೆದರಿಕೆಯಾ? ತಳ್ಳೂದೇ ಬೇಕಾ ನಿಂಗೆ?"

ಅವಳು ಅಳಲಿಲ್ಲ. ಉಸಿರು ಮಾತ್ರ ಜೋರಾಗಿತ್ತು. "ಆಯಿ, ಬೈಬೇಡ. ನೀ ಇಳೀಬೇಡ ಹೇಳಿದ್ದೆ, ಗೊತ್ತದೆ. ಆದ್ರೆ ಬ್ರೇಕ್ ಹಿಡೀತಾ ಇಲ್ಲ."

"ಸುಳ್ಳು ಹೇಳ್ಬೇಡ. ಆ ಬ್ರೇಕ್ ಕಟ್ಟಿದ್ದು ನಾನು."

"ಖರೇ ಆಯಿ. ಟಾಂಕಿ ಹತ್ರ ಹಿಡ್ದೆ, ನಿಲ್ಲಲೇ ಇಲ್ಲ. ಕಾಲು ಊರಿ ನಿಲ್ಸಿದೆ. ಅದ್ಕೇ ಮತ್ತೆ ಸೈಕಲ್ ಹತ್ತಲಿಲ್ಲ."

ಅವಳ ಕೈಯಿಂದ ಸೈಕಲ್ ಕಸಿದುಕೊಂಡು ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದೆ. ರಬ್ಬರ್ ರಿಮ್ಮನ್ನು ಒತ್ತಿತು, ನಾನು ಕಂಡೆ. ಆದರೂ ಚಕ್ರ ಜಾರುತ್ತ ಮುಂದಕ್ಕೆ ಹೋಯಿತು. ಬಗ್ಗಿ ರಿಮ್ಮಿನ ಮೇಲೆ ಬೆರಳು ಎಳೆದೆ. ಬೆರಳು ಕಪ್ಪಾಯಿತು. ಮೂಸಿ ನೋಡುವ ಅಗತ್ಯವೇ ಇರಲಿಲ್ಲ, ಆದರೂ ಮೂಸಿದೆ. ನನ್ನದೇ ಎಣ್ಣೆ.

ಸೈಕಲ್ಲನ್ನು ನೆಲಕ್ಕೆ ಮಲಗಿಸಿ ಅಲ್ಲೇ ಕಲ್ಲಿನ ಮೇಲೆ ಕೂತೆ. ಎರಡು ಮಾರು ಕೆಳಗೆ ಆ ತಿರುವು, ತಿರುವಿನಾಚೆ ಹೊಂಡ. ಅವಳು ನನ್ನ ಮಾತು ಕೇಳಿದ್ದರೆ, ಸೈಕಲ್ಲಿನಿಂದ ಇಳಿಯದೇ ಬಂದಿದ್ದರೆ? ಮುಂದೆ ಯೋಚಿಸಲು ನನ್ನಿಂದ ಆಗಲಿಲ್ಲ. ಅವಳನ್ನು ಎಳೆದು ಅಪ್ಪಿಕೊಂಡೆ. ಎಣ್ಣೆ ಕೈಯ ಗುರುತು ಅವಳ ಹಳದಿ ಫ್ರಾಕಿನ ಮೇಲೆ ಬಿತ್ತು.

"ತಪ್ಪು ನಂದು," ಎಂದೆ. ಈ ಮಾತನ್ನು ನಾನು ಯಾರಿಗೂ ಸುಲಭವಾಗಿ ಹೇಳಿದವಳಲ್ಲ. "ನಿನ್ನೆ ಸಂಜೆ ನಾನೇ ಎಣ್ಣೆ ಒರೆಸಿದ್ದು. ರಿಮ್ಮಿಗೆ ಒರೆಸಬಾರದು ಅನ್ನೂದು ನನ್ನ ಮಂಡೆಗೆ ಹೊಳೀಲೇ ಇಲ್ಲ."

ಅವಳು ನನ್ನನ್ನು ನೋಡಿದಳು. "ಶೀ, ಆಯಿ!" ಎಂದಳು. ನಕ್ಕಳು. ನನಗೆ ನಗು ಬರಲಿಲ್ಲ, ಅಳು ಬಂತು. ಅವಳೇ ನನ್ನ ಬೆನ್ನು ಸವರಿದಳು.

"ಅಲ್ವೇ ಮಗಾ, ಇಷ್ಟು ಇಳಿಜಾರಲ್ಲಿ ಒಬ್ಬಳೇ ಹೇಗೆ ಹಿಡ್ಕೊಂಡು ಬಂದೆ ಇದನ್ನ?"

"ಹಗೂರ ಅದೆಯಲ್ಲ," ಎಂದಳು, ಇದೊಂದು ಕೇಳುವ ಮಾತೇ ಎನ್ನುವ ಹಾಗೆ. "ಆ ಹಳೇದಾಗಿದ್ರೆ ನನ್ನನ್ನೂ ಎಳ್ಕೊಂಡು ಹೋಗ್ತಿತ್ತು."

ಅವಳು ಗುಡ್ಡ ಹತ್ತಲಿ ಎಂದು ನಾನು ಒಂದೊಂದೇ ತುಂಡು ತೂಗಿಸಿ ತೂಕ ಇಳಿಸಿದ್ದೆ. ಅವಳು ಅದನ್ನು ಹಿಡಿದು ನಿಲ್ಲಿಸಬೇಕಾದೀತು ಎಂದು ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ಇಬ್ಬರೂ ಸೈಕಲ್ಲನ್ನು ಎರಡು ಬದಿಯಿಂದ ಹಿಡಿದು ಇಳಿದೆವು. ಗೇಟಿನಲ್ಲಿ ಗಂಡ ಮುಖ ಬಿಳಿಚಿಕೊಂಡು ನಿಂತಿದ್ದರು. ಸೋಪಿನ ಪುಡಿ, ಬಿಸಿನೀರು, ತೆಂಗಿನ ನಾರು ತಂದು ರಿಮ್ಮುಗಳನ್ನು ತಿಕ್ಕಿದೆ. ರಬ್ಬರ್ ತುಂಡುಗಳನ್ನು ಬಿಚ್ಚಿ ಎಸೆದು ಹೊಸದು ಹಾಕಿದೆ. ಮಗಳು ಅಂಗಳದಲ್ಲಿ ಮೂರು ಸುತ್ತು ಹೊಡೆದು, ಮೂರು ಸಲವೂ ಗಕ್ಕನೆ ನಿಂತಳು. ನಾಲ್ಕನೆಯ ಸಲ ನನ್ನ ಕಾಲಿನ ಹತ್ತಿರವೇ ಬಂದು ನಿಲ್ಲಿಸಿ, "ಮತ್ತೊಂದ್ ಸಲ ಟಾಂಕಿಗೆ ಹೋಗ್ಲಾ?" ಎಂದು ಕೇಳಿದಳು.

ಹೋಗಬೇಡ ಎನ್ನಲು ಬಾಯಿ ತೆರೆದಿದ್ದೆ. ಮುಚ್ಚಿಕೊಂಡೆ.

"ಹೋಗು," ಎಂದೆ. "ಆದ್ರೆ ಎಲ್ಲಿ ಇಳೀಬೇಕು ಅನ್ನಿಸ್ತದೋ ಅಲ್ಲಿ ಇಳಿದುಬಿಡು. ನಾನು ಇಲ್ಲಿಂದ ಎಷ್ಟೇ ಕೂಗಿದ್ರೂ ಕೇಳ್ಬೇಡ."

"ಖರೇ?"

"ಖರೇ."